ಬೀಗರ ಹಗ್ಗ

ಸಪ್ತಾಪುರ, ಧಾರವಾಡ
ಗುರುವಾರ, ೧ ಫೆಬ್ರುವರಿ ೧೯೬೨

ಚಿ. ಸೌ. ನಿರುಪಮಾಳಿಗೆ ನಿನ್ನ ಅವ್ವನ ತುಂಬು ಆಶೀರ್ವಾದಗಳು.

ನಾವೆಲ್ಲ ಕ್ಷೇಮ ಎಂದು ಬರೆಯಲು ಕೂತೆ, ಕೈ ಏಳಲಿಲ್ಲ. ಮೈಗೇನೂ ಆಗಿಲ್ಲ, ಗಾಬರಿಯಾಗಬೇಡ. ನಿಮ್ಮಪ್ಪ ಎರಡು ಹೊತ್ತು ಎಲೆಯ ಮುಂದೆ ಕೂಡುತ್ತಾರೆ, ಅನ್ನ ಕಲಸುತ್ತಾರೆ, ಏಳುತ್ತಾರೆ. ನಾನೂ ಅಷ್ಟೇ. ಬಸುರಿ ಮಗಳಿಗೆ ಇಂಥ ಕಾಗದ ಬರೆಯಬಾರದು ಎಂದು ವಾರದಿಂದ ತಡೆದೆ. ಇನ್ನು ತಡೆದರೆ ನನ್ನ ಎದೆ ಒಡೆಯುತ್ತದೆ.

ಇದು ಟಪಾಲಿನಲ್ಲಿ ಬರುವ ಕಾಗದವಲ್ಲ. ನಿನ್ನ ಹೆಸರಿಗೆ ಬಂದ ಕಾಗದವನ್ನು ನಿನ್ನ ಮಾವನವರು ಒಡೆದು, ಚಹಾದ ಹೊತ್ತಿಗೆ ಪಡಸಾಲೆಯಲ್ಲಿ ಕೂತು, ಎಲ್ಲರಿಗೂ ಕೇಳುವಂತೆ ಓದುತ್ತಾರೆ ಎಂದು ನೀನೇ ಹೇಳಿದ್ದೆ. ಅವತ್ತಿನಿಂದ ನಾನು ನಿನಗೆ ಬರೆದದ್ದೆಲ್ಲ ಅವರ ದನಿಗೆ ಬರೆದದ್ದು. ಹಪ್ಪಳ ಒಣಗಿತು, ನಿಮ್ಮತ್ತೆಯವರಿಗೆ ನಮಸ್ಕಾರ, ಎಮ್ಮೆ ಕರ ಹಾಕಿತು. ಇವತ್ತಿನದು ನಿನಗೊಬ್ಬಳಿಗೇ. ನಿನ್ನ ಕಾಲದ ಬಳೆಗಾರತಿಗೆ ಈಗ ಕಣ್ಣು ಕಾಣುವುದಿಲ್ಲ, ರಾಜಬಿ ಎಂಬ ಹೊಸಬಳು ನಮ್ಮ ಓಣಿಗೆ ಬರುತ್ತಾಳೆ. ಶುಕ್ರವಾರ ಮಾಲು ತರಲು ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವವಳು. ನಾಳೆ ನಿಮ್ಮ ಮನೆಗೂ ಬಂದು ಬಳೆ ಇಡುತ್ತಾಳೆ. ಹಿತ್ತಲ ಕಟ್ಟೆಯ ಮೇಲೆ ಬಳೆ ಇಡಿಸಿಕೊ. ಅವಳ ಗಂಟಿನ ತಳದಲ್ಲಿ ಈ ಕಾಗದ ಇರುತ್ತದೆ. ಓದಿ ಒಲೆಗೆ ಹಾಕು.

ನಿಮ್ಮಪ್ಪ ಕೆಲಸ ಮಾಡುವ ಕಂಪನಿ ನಮ್ಮ ಮನೆಯ ಆಚೆ ಹೊಲಗಳನ್ನು ಕೊಂಡು ಪ್ರೊಫೆಸರರಿಗೆಂದು ಎರಡಂತಸ್ತಿನ ಮನೆಗಳನ್ನು ಕಟ್ಟುತ್ತಿದೆಯಲ್ಲ, ಅಲ್ಲಿ ಹೋದ ವಾರ ಅಟ್ಟಣಿಗೆ ಕುಸಿಯಿತು. ಹಗ್ಗ ಹರಿದು ಹಲಗೆ ವಾಲಿತು. ರಾಯಾಪುರದಿಂದ ಕೆಲಸಕ್ಕೆ ಬರುವ ಸತ್ಯವ್ವ ಎಂಬವಳು ಗಚ್ಚಿನ ಬುಟ್ಟಿ ಹೊತ್ತು ಮೇಲಿದ್ದಳು. ಬುಟ್ಟಿಯ ಸಮೇತ ಕೆಳಗಿನ ಇಟ್ಟಿಗೆಯ ರಾಶಿಯ ಮೇಲೆ ಬಿದ್ದಳು. ಜೀವ ಉಳಿದಿದೆ. ಸೊಂಟ ಮುರಿದಿದೆ, ಕಾಲಿಗೆ ಸೂಜಿ ಚುಚ್ಚಿದರೂ ತಿಳಿಯುವುದಿಲ್ಲವಂತೆ. ಇನ್ನು ನಡೆಯಲಾರಳು ಎಂದು ಡಾಕ್ಟರು ನನ್ನೆದುರಿಗೇ ಹೇಳಿದರು, ಅವಳಿಗೆ ಇನ್ನೂ ಹೇಳಿಲ್ಲ.

ಅಟ್ಟಣಿಗೆ ಕಟ್ಟಿದವನು ಅಲ್ಲಾವುದ್ದೀನ ಎಂಬ ಹುಡುಗ. ಇನ್ನೂ ಮೀಸೆ ಸರಿಯಾಗಿ ಬಲಿತಿಲ್ಲ. ಗಂಟು ಸಡಿಲು ಹಾಕಿದ್ದಾನೆ, ಅದಕ್ಕೇ ಹೀಗಾಯಿತು ಎಂದು ಕಂಪನಿಯವರು ಅವತ್ತೇ ಅವನನ್ನು ಕೆಲಸದಿಂದ ತೆಗೆದರು. ಪೊಲೀಸರಿಗೆ ಒಪ್ಪಿಸುವ ಮಾತು ನಡೆದಿದೆ. ಡೈರೆಕ್ಟರರು ಕೂಡಿ ತೀರ್ಮಾನ ಮಾಡಬೇಕು, ಆದರೆ ಈ ಶನಿವಾರದಿಂದ ಅಷ್ಟಗ್ರಹಕೂಟವಲ್ಲವೇ, ಜಗತ್ತೇ ಮುಳುಗುತ್ತದೆ ಎಂದು ಊರೆಲ್ಲ ಹೋಮ, ಭಜನೆ ಹಚ್ಚಿಕೊಂಡು ಕೂತಿದೆ. ಹಾಗಾಗಿ ಅವರ ಸಭೆ ಬರುವ ಬುಧವಾರಕ್ಕೆ ಹೋಗಿದೆ. ಖರೆ ಹೇಳಲೇನು ನೀರೂ, ಮುಳುಗಿಬಿಟ್ಟರೆ ಛಲೋ ಆಯಿತು, ಬುಧವಾರ ಬರುವುದೇ ಇಲ್ಲ ಎಂದು ನನಗೂ ಒಂದು ಗಳಿಗೆ ಅನಿಸಿತು. ಎಂಟು ಗ್ರಹಗಳು ನನ್ನ ಮುಖ ಉಳಿಸಲು ಬರಬೇಕು ಎನ್ನುವಷ್ಟು ಕೆಳಗೆ ಇಳಿದಿದ್ದೇನೆ.

ಗಂಟು ಸಡಿಲಿರಲಿಲ್ಲ. ಹಗ್ಗ ನಿಮ್ಮ ಮನೆಯದು.

ನಿಮ್ಮಪ್ಪನ ಕಲ್ಲು ನೆನಪಿದೆಯೇ? ನಮ್ಮ ಹಿತ್ತಲಲ್ಲಿ ಬಿರುಕು ಬಿಟ್ಟು ಬಿದ್ದಿದ್ದ ಒರಳುಕಲ್ಲು. ಸ್ಟೋರಿನ ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಕ್ಕಡಿಯಲ್ಲಿ ಹೇರಿಕೊಂಡು ಹೋದರು. ಒರಳು ಹೋದ ಮನೆಗೆ ಲಕ್ಷ್ಮಿ ಬರುವುದಿಲ್ಲ ಎಂದು ನಾನು ಜಗಳ ತೆಗೆದಿದ್ದೆ. ಕಂಪನಿಯ ಗೇಟಿನ ಬಳಿ ಬೇವಿನ ಮರವಿದೆ. ಯಾರೇ ಹಗ್ಗ ತರಲಿ, ಸುರುಳಿ ಸುತ್ತಿದ ಪ್ರತಿಯೊಂದು ಸಿಂಬಿಯಿಂದ ಒಂದು ತುಂಡು ಕೊಯ್ದು ಆ ಕಲ್ಲನ್ನು ಬೇವಿನ ಟೊಂಗೆಗೆ ತೂಗಹಾಕಿಸುತ್ತಿದ್ದರು. ಒಂದು ಹಗಲು, ಒಂದು ರಾತ್ರಿ. ಮರುದಿನ ಕಲ್ಲು ಮೇಲಿದ್ದರೆ ಮಾಲು ಒಳಗೆ, ನೆಲದ ಮೇಲಿದ್ದರೆ ಬಂಡಿ ವಾಪಸು. ಆಳುಗಳು ನಗುತ್ತ, ಈ ಹಗ್ಗ ಮ್ಯಾಟ್ರಿಕ್ ಪಾಸಾಯಿತು, ಆ ಹಗ್ಗ ನಪಾಸಾಯಿತು ಎನ್ನುತ್ತಿದ್ದರು. ಮೊದಲಿನ ಹಗ್ಗದವನು ಪ್ರತಿ ಸಲ ಬೇವಿನ ಕೆಳಗೇ ಚಾದರ ಹಾಸಿ ಮಲಗಿ, ಬೆಳಿಗ್ಗೆ ಪಾಸಾದ ಮೇಲೆ ಹೋಗುತ್ತಿದ್ದ. ಅವನಿಗೆ ಅದರಲ್ಲಿ ಅವಮಾನ ಕಾಣಲಿಲ್ಲ.

ನಿನ್ನ ಮೊದಲ ದೀಪಾವಳಿಗೆ ಬೀಗರೆಲ್ಲ ನಮ್ಮಲ್ಲಿಗೆ ಬಂದಿದ್ದಾಗ, ಊಟದ ಎಲೆಯ ಮುಂದೆ ನಿನ್ನ ಮಾವ ಏಕನಾಥರಾಯರು ಮಾತು ತೆಗೆದರು. ತಮ್ಮ ಡಿಪೋದಲ್ಲಿ ಬಿದಿರು, ಹಗ್ಗ ಎಲ್ಲ ಇರುವಾಗ ಬೀಗರ ಕಂಪನಿ ಬೇರೆಯವರ ಹತ್ತಿರ ಕೊಳ್ಳುವುದು ನೋಡಿದವರಿಗೆ ಹೇಗೆ ಕಾಣುತ್ತದೆ ಎಂದರು. ನಿಮ್ಮಪ್ಪ ಹೋಳಿಗೆಗೆ ತುಪ್ಪ ಬಡಿಸುತ್ತ ಆಗಲಿ ಎಂದರು. ಹಬ್ಬ ಮುಗಿದ ಎರಡೇ ದಿನಕ್ಕೆ ಬಂಡಿಗಳು ಬಂದವು. ಮುಂದಿನ ಬಂಡಿಯಲ್ಲಿ ಏಕನಾಥರಾಯರೇ ಜರಿಯ ರುಮಾಲು ಸುತ್ತಿ ಕೂತಿದ್ದರು. ಗೇಟಿನಲ್ಲಿ ಆಳುಗಳು ರೂಢಿಯಂತೆ ಕಲ್ಲು ಉರುಳಿಸಿಕೊಂಡು ಬಂದರು. ಅವರು ಬಂಡಿಯಿಂದ ಇಳಿಯದೆ ಎಲ್ಲರ ಮುಂದೆ ನಗುನಗುತ್ತ, “ಏನ್ರೀ ಬೀಗರ, ಮಗಳನ್ನ ಕೊಡೂ ಮುಂದ ನಮ್ಮ ಮನೀ ಗಟ್ಟಿ ಅದನೋ ಇಲ್ಲೋ ಅಂತ ಕಲ್ಲು ತೂಗಹಾಕಿ ನೋಡಿದ್ರೇನು?” ಎಂದರಂತೆ. ಆಳುಗಳೂ ನಕ್ಕರು. ನಿಮ್ಮಪ್ಪ ಗೇಟು ತೆರೆಸಿದರು.

ಇಲ್ಲಿಯವರೆಗೆ ಓದಿದರೆ ತಪ್ಪು ನಿಮ್ಮಪ್ಪನದು ಎನಿಸುತ್ತದೆ. ಹಾಗೆ ಅನಿಸಲಿ ಎಂದೇ ನಾನು ಆ ಸಂಗತಿಯನ್ನು ಮೊದಲು ಬರೆದೆ. ಹಿಂದಿನ ದಿನ ನಡೆದದ್ದು ಬೇರೆ. ಅವರು ಕೆಲಸಕ್ಕೆ ಹೊರಟಾಗ ನಾನು ಬಾಗಿಲಿಗೆ ಅಡ್ಡ ನಿಂತು, “ನಾಳೆ ಬೀಗರ ಹಗ್ಗಕ್ಕ ಕಲ್ಲು ಕಟ್ಟಿದ್ರ ನನ್ನ ಮಗಳ ಕೊಳ್ಳಿಗೆ ಕಟ್ಟಿದಂಗ. ನಿಮಗ ಕಲ್ಲ ಬೇಕೋ ಮಗಳ ಬೇಕೋ ನೋಡ್ರಿ” ಎಂದೆ. ಬೀಗರ ಮನೆಯಿಂದ ಬಂದದ್ದನ್ನು ನಾವು ಅಳೆಯುವುದಿಲ್ಲ, ತೂಗುವುದಿಲ್ಲ, ಬಂದವರ ಮುಂದೆ ಬಿಚ್ಚಿ ಸಹ ನೋಡುವುದಿಲ್ಲ. ಅವರು ಕೊಟ್ಟ ಸೀರೆ ತೂತಿದ್ದರೂ ಕಣ್ಣಿಗೊತ್ತಿ ಮಡಚಿಡುತ್ತೇವೆ. ಸೀರೆಯಿಂದ ಯಾರೂ ಕೆಳಗೆ ಬೀಳುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಹೊಳೆಯಲಿಲ್ಲ ಎಂದು ಬರೆದದ್ದೂ ಸುಳ್ಳು. ಹೊಳೆದಿತ್ತು. ದೀಪಾವಳಿಯಲ್ಲಿ ನಾವಿಬ್ಬರೂ ಕರ್ಚಿಕಾಯಿ ಮಾಡುತ್ತ ಕೂತಾಗ ನೀನು ನಿಮ್ಮತ್ತೆಯವರ ಕೈಹಿಡಿತದ ಬಗ್ಗೆ ಹೇಳಿ ನಗಿಸಿದ್ದು ನೆನಪಿದೆಯೇ? ಹಳೆಯ ಕಾಗದ ಬಿಸಾಕುವುದಿಲ್ಲ, ಹಳೆಯ ದಾರ ಬಿಸಾಕುವುದಿಲ್ಲ ಎನ್ನುತ್ತ, ನಿಮ್ಮ ಹಿತ್ತಲಲ್ಲಿ ಅರಳೆಯ ಮೂಟೆಗಳಿಂದ ಬಿಚ್ಚಿದ ಹಳೆಯ ಹಗ್ಗಗಳನ್ನು ಒಳಗಿಟ್ಟು ಮೇಲೆ ಹೊಸ ಪುಂಡಿಯ ನಾರು ಸುತ್ತಿ ಹೊಸೆಸುತ್ತಾರೆ ಎಂದೆ. “ನೋಡಾಕ ಥೇಟ ಹೊಸಾ ಹಗ್ಗ ಅವ್ವಾ, ನನಗ ಸುದ್ದಾ ಗುರ್ತ ಸಿಗಂಗಿಲ್ಲ” ಎಂದು ನಕ್ಕೆ. ನಾನೂ ನಕ್ಕೆ. ನಿನಗೆ ಇನ್ನೊಂದು ಕರ್ಚಿಕಾಯಿ ಕೊಟ್ಟೆ. ಅದಾದ ಮೂರನೆಯ ದಿನ ನಾನು ಬಾಗಿಲಿಗೆ ಅಡ್ಡ ನಿಂತದ್ದು. ಕಲ್ಲು ಕಟ್ಟಿದರೆ ಆ ಹಗ್ಗ ಹರಿಯುತ್ತದೆ ಎಂಬ ಅಂಜಿಕೆ ನನಗೆ ಇದ್ದೇ ಇತ್ತು, ಅದಕ್ಕೇ ನಿಂತೆ. ನಿಮ್ಮಪ್ಪನಿಗೆ ಹಿತ್ತಲಿನ ಸಂಗತಿ ಹೇಳಲೇ ಇಲ್ಲ.

ನಿನ್ನನ್ನು ಅನ್ನಲು ಇದನ್ನು ಬರೆಯುತ್ತಿಲ್ಲ. ನೀನು ಕಂಡದ್ದನ್ನು ಅವ್ವನ ಮುಂದೆ ಹೇಳಿದೆ. ಅದು ಯಾವ ಗೇಟಿಗೆ ಬರುತ್ತದೆ ಎಂದು ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆದರೂ ಮದುವೆಯಲ್ಲಿ ಕೊಟ್ಟದ್ದು ಕಡಿಮೆಯಾಯಿತು ಎಂದು ನಿಮ್ಮತ್ತೆ ಬಂದುಹೋದವರ ಮುಂದೆ ಆಡುವ ಮಾತು ನನ್ನ ಕಿವಿಗೂ ಮುಟ್ಟಿತ್ತು. ಮೂರು ತಿಂಗಳ ಬಸುರಿಯನ್ನು ಮತ್ತೊಂದು ಮಾತಿಗೆ ಗುರಿ ಮಾಡಬಾರದು ಎಂದುಕೊಂಡೆ. ನನ್ನ ಮಗಳು ಮಾತು ಕೇಳಬಾರದು ಎಂದು ಇನ್ನೊಬ್ಬರ ಮಗಳ ಸೊಂಟ ಮುರಿಸಿದೆ. ಎಷ್ಟು ಬೇರೆ ಥರ ಬರೆಯಲು ನೋಡಿದರೂ ಕೊನೆಗೆ ಈ ಸಾಲೇ ಬರುತ್ತದೆ.

ದವಾಖಾನೆಗೆ ದಿನಾ ಹೋಗುತ್ತೇನೆ. ಗಂಜಿ, ಸಾರು ಒಯ್ಯುತ್ತೇನೆ. ಸ್ಟೋರಿನ ರಾಯರ ಹೆಂಡತಿ ತಾನಾಗಿ ಬಂದಳೆಂದು ಅಲ್ಲಿ ಎಲ್ಲರೂ ಕೈಮುಗಿಯುತ್ತಾರೆ. ನಿನ್ನೆ ಸತ್ಯವ್ವ ನನ್ನ ಕೈ ಹಿಡಿದು, “ರಾಯರ ಕಲ್ಲ ನೋಡಿದ ಹಗ್ಗ ಐತಿ ಅಂತ ನಾನ ಎಲ್ಲಾರಕಿಂತ ಮುಂದ ಹತ್ತಿದ್ನಿರೀ ಅವ್ವಾರ. ನನ್ನ ನಸೀಬ ಹರದಿತ್ತು, ಹಗ್ಗೇನ ಮಾಡೀತು” ಎಂದಳು. ನಾನು ಅವಳ ಬಾಯಿಗೆ ಇನ್ನೊಂದು ಚಮಚ ಗಂಜಿ ಹಾಕಿದೆ. ಹೊರಗೆ ಬಂದು ಕಟ್ಟೆಯ ಮೇಲೆ ಕೂತಾಗ ನಾಚಿಕೆಯಿಂದ ನನ್ನ ಕಿವಿ ಸುಡುತ್ತಿದ್ದವು. ಈ ವಯಸ್ಸಿನಲ್ಲಿ ಸಾಲಿಯ ಹುಡುಗಿಯಂತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಮನೆಗೆ ಬಂದೆ.

ನಿಮ್ಮಪ್ಪನದು ಬೇರೆ. ಕಂಪನಿಯ ಇಂಜಿನಿಯರರು ಹರಿದ ತುಂಡನ್ನು ಕೈಯಲ್ಲಿ ಹಿಡಿದು, “ರಾಯರ, ಇದರ ಪರೀಕ್ಷಾ ಆಗಿತ್ತಲ್ಲಾ?” ಎಂದು ಕೇಳಿದಾಗ, ಆಗಿತ್ತು ಎಂದುಬಿಟ್ಟರಂತೆ. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ಅವರು ಸುಳ್ಳು ಹೇಳಿದ್ದು ಕೇಳಿಲ್ಲ. ಮನೆಗೆ ಬಂದು ಕೈಕಾಲು ತೊಳೆದು, ಸಂಧ್ಯಾವಂದನೆಗೆ ಕೂತು, ಆಚಮನದ ನೀರನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ನೀರೆಲ್ಲ ಸೋರಿಹೋಯಿತು. ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ನಾನು ತಿರುಗಿ ನಾಲ್ಕು ಅಂದು ಹಗುರಾಗುತ್ತಿದ್ದೆ.

ಇನ್ನು ನನ್ನ ವಿಚಾರ ಕೇಳು. ಬೀಗರ ಹಗ್ಗ ಎಂಬ ಮಾತು ಹೊರಬಿದ್ದ ದಿನ ನಿಮ್ಮ ಮನೆಯ ಬಾಗಿಲು ನಮಗೆ ಮುಚ್ಚುತ್ತದೆ. ಆಗ ನೀನು ಅಲ್ಲೇ ಇದ್ದರೆ ನಿನ್ನನ್ನು ಬಾಣಂತನಕ್ಕೆ ಕಳಿಸುವುದಿಲ್ಲ. ಅಲ್ಲಿ ಅವರ ನಡುವೆ ನೀನು ಹಡೆಯುವುದನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ಮಾಘದ ಕೊನೆಗೆ ನಿನಗೆ ಏಳು ತುಂಬುತ್ತದೆ. ಕುಬಸದ ಸೀರೆ ಉಡಿಸುವ ನೆಪದಲ್ಲಿ ನಿನ್ನನ್ನು ಕರೆತರುತ್ತೇವೆ. ನೀನು ನಮ್ಮ ಹೊಸ್ತಿಲು ದಾಟಿ ಒಳಗೆ ಬಂದ ಮರುದಿನವೇ ನಿಮ್ಮಪ್ಪ ಹೋಗಿ ಎಲ್ಲ ಹೇಳುತ್ತಾರೆ. ಅಲ್ಲಿಯವರೆಗೆ ಆ ಹುಡುಗ ಅಲ್ಲಾವುದ್ದೀನ ನಾಲ್ಕು ದಿನ ಒಳಗೆ ಇರಬೇಕಾದರೆ ಇರಲಿ. ಗಂಡಸು ಹುಡುಗ, ತಡೆದುಕೊಳ್ಳುತ್ತಾನೆ. ಆಮೇಲೆ ಬಿಡಿಸಿದರಾಯಿತು. ಇದು ಸರಿಯಲ್ಲ ಎಂದು ನನಗೇ ಗೊತ್ತು. ಆದರೆ ಇದಕ್ಕಿಂತ ಒಳ್ಳೆಯ ದಾರಿ ಕಾಣುತ್ತಿಲ್ಲ. ಕಂಪನಿ ಕಟ್ಟುತ್ತಿರುವ ಉಳಿದ ಮನೆಗಳ ಅಟ್ಟಣಿಗೆಗೆ ಯಾವ ಹಗ್ಗ ಕಟ್ಟಿದ್ದಾರೆ ಎಂದು ನಾನು ನಿಮ್ಮಪ್ಪನನ್ನು ಕೇಳಿಲ್ಲ. ಕೇಳಿದರೆ ಅವರು ಉತ್ತರ ಹೇಳಬೇಕಾಗುತ್ತದೆ.

ನೀನು ಒಂದೇ ಕೆಲಸ ಮಾಡು. ಕುಬಸದ ಮಾತು ಬಂದಾಗ ತವರಿಗೆ ಹೋಗಲೇಬೇಕೆಂದು ಹಟ ಹಿಡಿ. ಸಣ್ಣವಳಿದ್ದಾಗ ಹಿಡಿಯುತ್ತಿದ್ದೆಯಲ್ಲ, ಹಾಗೆ. ಹಾಲು ಕುಡಿ, ಭಾರ ಎತ್ತಬೇಡ. ಹಿತ್ತಲಲ್ಲಿ ಹಗ್ಗ ಹೊಸೆಯುವ ಕಡೆ ಹೋಗಬೇಡ.

ನಿನ್ನ ಮುಖ ನೋಡಲು ನಾಚುವ
ನಿನ್ನ ಅವ್ವ
ತಾರಾಬಾಯಿ

ತಾ.ಕ.: ಸಹಿ ಹಾಕಿ ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ.

ಮೇಲೆ ಒಂದು ಸಂಗತಿ ನಿನ್ನಿಂದ ಮುಚ್ಚಿಟ್ಟಿದ್ದೆ. ಬಳೆಗಾರತಿ ರಾಜಬಿ ಅಲ್ಲಾವುದ್ದೀನನ ತಾಯಿ. ಅವಳಿಗೆ ಓದಲು ಬರುವುದಿಲ್ಲ, ಹಾಗಾಗಿ ಅವಳ ಕೈಯಲ್ಲೇ ಕಳಿಸುವುದು ಎಲ್ಲಕ್ಕಿಂತ ಭದ್ರ ಎಂದು ಲೆಕ್ಕ ಹಾಕಿದ್ದೆ. ಅವಳು ಮಧ್ಯಾಹ್ನ ಬಂದಳು. ಕಾಗದ ಕೊಡಲು ಹೋದರೆ ಕೈಮುಗಿದು, “ನಿಮ್ಮ ಬೀಗರು ದೊಡ್ಡ ಮಂದಿ ಅದಾರಂತ್ರಿ ಅವ್ವಾರ. ನನ್ನ ಮಗನ ಸಲುವಾಗಿ ಕಂಪನಿಯವರಿಗೆ ಒಂದ ಮಾತ ಹೇಳ್ರಿ ಅಂತ ಅವರಿಗೆ ಬರೀರಿ” ಎಂದಳು. ಬರೆದಿದ್ದೇನೆ ಎಂದೆ. “ಏನಂತ ಬರದೀರಿ, ಅಷ್ಟ ಓದಿ ಹೇಳ್ರಿ” ಎಂದಳು.

ನಾನು ಕಾಗದ ಬಿಚ್ಚಿದೆ. ಅವನು ಒಳ್ಳೆಯ ಹುಡುಗ, ಕೈಬಿಡಬೇಡಿ ಎಂದು ಇಲ್ಲದ ಸಾಲು ಓದಿದ್ದರೆ ಅವಳು ನಂಬಿ ಹೋಗುತ್ತಿದ್ದಳು. ಓದಲು ಬಾಯಿ ತೆರೆದೆ, ಆ ಸಾಲು ಬರಲಿಲ್ಲ. ಕಾಗದದಲ್ಲಿ ಇದ್ದದ್ದೇ ಬಂತು. ಕಲ್ಲು, ಬಂಡಿ, ನಿಮ್ಮ ಹಿತ್ತಲು, ಎಲ್ಲ. ಅಲ್ಲಾವುದ್ದೀನ ನಾಲ್ಕು ದಿನ ಒಳಗಿದ್ದರೆ ಇರಲಿ ಎಂದು ಬರೆದದ್ದನ್ನೂ ಓದಿದೆ. ಕೊನೆಗೆ ಉಳಿದ ಮನೆಗಳ ಹಗ್ಗದ ಸಾಲು ಬಂದಾಗ ಅವಳು ನನ್ನನ್ನು ತಡೆದು, “ಅವೂ ಅವ ಹಗ್ಗೇನ್ರಿ?” ಎಂದಳು. ಗೊತ್ತಿಲ್ಲ ಎನ್ನಲು ಆಗಲಿಲ್ಲ. “ಅಲ್ಲಾವುದ್ದೀನನ ಕೆಲಸ ಹೋತಲ್ರಿ, ಮೊನ್ನಿಯಿಂದ ನನ್ನ ಮಗಳು ಹಾಜರಾಬಿ ಬುಟ್ಟಿ ಹೊರಾಕ ಹೊಂಟಾಳ್ರಿ. ಈಗ ಮ್ಯಾಲೆ ಅದಾಳ್ರಿ” ಎಂದವಳೇ ಬಳೆಯ ಗಂಟನ್ನು ನಮ್ಮ ಕಟ್ಟೆಯ ಮೇಲೆ ಬಿಟ್ಟು ಓಡಿದಳು. ನನ್ನನ್ನು ಬೈಯಲು ಸಹ ನಿಲ್ಲಲಿಲ್ಲ.

ನಾನೂ ಓಡಿದೆ. ಕಾಲಿಗೆ ಚಪ್ಪಲಿ ಇರಲಿಲ್ಲ, ಓಣಿಯ ಮಂದಿ ನಿಂತು ನೋಡಿದರು. ಹಾಜರಾಬಿ ಎರಡನೆಯ ಅಂತಸ್ತಿನ ಹಲಗೆಯ ಮೇಲೆ ನಿಂತು ಗಚ್ಚು ಕೊಡುತ್ತಿದ್ದಳು. ತಾಯಿ ಕೆಳಗಿನಿಂದ ಕೂಗುತ್ತಿದ್ದಳು, ಮೇಸ್ತ್ರಿ ಅವಳನ್ನು ಗದರಿಸುತ್ತಿದ್ದ. ನಾನು ಜನ್ಮದಲ್ಲಿ ಮೊದಲ ಸಲ ಗಂಡಸರ ನಡುವೆ ನಿಂತು ದನಿ ಎತ್ತಿದೆ. ಈ ಹಗ್ಗದ ಪರೀಕ್ಷೆ ಆಗಿಲ್ಲ, ಮಾಡಬೇಡಿ ಎಂದವಳು ನಾನು, ಎಲ್ಲರೂ ಇಳಿಯಿರಿ ಎಂದೆ. ನಿಮ್ಮಪ್ಪ ಸ್ಟೋರಿನಿಂದ ಹೊರಗೆ ಬಂದರು. ನನ್ನನ್ನು ಒಂದು ಸಲ ನೋಡಿದರು. “ಇಳೀರಿ, ಅಕಿ ಹೇಳೂದು ಖರೇ ಅದ” ಎಂದರು. ಮಂದಿ ಗೋಡೆಯ ಕಡೆ ಸರಿದು ಒಬ್ಬೊಬ್ಬರಾಗಿ ಇಳಿದರು. ಕೊನೆಗೆ ಹಾಜರಾಬಿಯ ಕಾಲು ನೆಲಕ್ಕೆ ತಾಗಿತು. ಆಮೇಲೆ ನಿಮ್ಮಪ್ಪ ಸ್ಟೋರಿನಲ್ಲಿ ಉಳಿದ ಸಿಂಬಿಯಿಂದ ಒಂದು ತುಂಡು ಕೊಯ್ದು, ಇಂಜಿನಿಯರರನ್ನು ಕರೆಸಿ, ಎಲ್ಲರ ಮುಂದೆ ನಮ್ಮ ಒರಳುಕಲ್ಲನ್ನು ಬೇವಿಗೆ ತೂಗಹಾಕಿಸಿದರು. ಒಂದು ಹಗಲು, ಒಂದು ರಾತ್ರಿ ಕಾಯಬೇಕಾಗಲಿಲ್ಲ. ಆಳುಗಳು ಕೈ ಬಿಟ್ಟರು, ಹಗ್ಗ ಹರಿದು ಕಲ್ಲು ಬಿತ್ತು. ನಿಮ್ಮಪ್ಪ ಇಂಜಿನಿಯರರಿಗೆ ಅಲ್ಲೇ ತಮ್ಮ ಸುಳ್ಳನ್ನೂ ಹೇಳಿದರು. ಅವರ ಕೆಲಸ ಉಳಿಯುವುದಿಲ್ಲ. ಮನೆಗೆ ಬಂದು, ಒಂದು ವಾರದ ಮೇಲೆ ಇವತ್ತು ಎಲೆಯ ಅನ್ನ ಮುಗಿಸಿ ಇನ್ನೊಮ್ಮೆ ಹಾಕಿಸಿಕೊಂಡರು.

ರಾಜಬಿ ಸಂಜೆ ಬಂದು ಗಂಟು ಎತ್ತಿಕೊಂಡಳು. ಕಾಗದ ಒಯ್ಯುತ್ತೀಯಾ ಎಂದು ಕೇಳುವ ಮುಖ ನನಗಿರಲಿಲ್ಲ, ಕೇಳಲಿಲ್ಲ. ಹಾಗಾಗಿ ಇದನ್ನು ಟಪಾಲಿಗೆ ಹಾಕುತ್ತಿದ್ದೇನೆ, ನಾಳೆ ಮುಟ್ಟುತ್ತದೆ. ನೀರೂ, ಇದರಿಂದ ನಿನ್ನ ಮೇಲೆ ಏನು ಬರುತ್ತದೆ ಎಂದು ನನಗೆ ಗೊತ್ತು. ಶನಿವಾರ ಮೊದಲ ಗಾಡಿಗೆ ನಾವಿಬ್ಬರೂ ಬರುತ್ತೇವೆ. ಗ್ರಹಗಳು ಕೂಡಲಿ ಬಿಡಲಿ, ನಿಮ್ಮ ಬಾಗಿಲ ಮುಂದೆ ನಿಂತಿರುತ್ತೇವೆ. ಬರುವುದೋ ಇರುವುದೋ, ನೀನು ಹೇಳಿದಂತೆ ಆಗಲಿ.

ಏಕನಾಥರಾಯರೇ, ಈ ಕಾಗದವನ್ನು ಒಡೆದವರು ನೀವೇ ಎಂದು ಗೊತ್ತು. ನಿಮ್ಮಿಂದ ಮುಚ್ಚಿಡಲು ಹೂಡಿದ ಉಪಾಯವೂ ಮೊದಲಲ್ಲೇ ಇದೆ, ಅದನ್ನೂ ಬಿಡಬೇಡಿ. ಪಡಸಾಲೆಯಲ್ಲಿ ಕೂತು, ಎಂದಿನಂತೆ ದನಿ ತೆಗೆದು ಓದಿರಿ. ನನ್ನ ಮಗಳು ಅಡುಗೆಮನೆಯಲ್ಲಿದ್ದಾಳೆ, ಅವಳಿಗೆ ಕೇಳಬೇಕು.